ಪಕ್ಕದ ತಟ್ಟೆ

ನಮ್ಮ ಮನೆಯಲ್ಲಿ ಉಣ್ಣುವವರು ಇಬ್ಬರು, ಇಡುವ ತಟ್ಟೆ ಮಾತ್ರ ಮೂರು. ಅಮ್ಮನದು, ನನ್ನದು, ಮರವಂತೆಗೆ ಹೋಗಿ ತಿರುಗಿ ಬಾರದ ನನ್ನ ತಮ್ಮನದು. ಅಮ್ಮ ಮೊದಲು ಅವನ ತಟ್ಟೆಗೆ ಬಡಿಸುತ್ತಿದ್ದಳು. ಬಂಗುಡೆ ಮೀನು ತಂದ ದಿನ ಗಸಿಯೊಳಗಿನ ದೊಡ್ಡ ತುಂಡು ಅವನಿಗೇ. ಬಡಿಸಿದ ಮೇಲೆ ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದಳು. ಅನ್ನದ ಹಬೆ ಆರುವವರೆಗೆ ತನ್ನ ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ಒಮ್ಮೊಮ್ಮೆ ಗಾಳಿಯೇ ಇಲ್ಲದ ಮಧ್ಯಾಹ್ನ ಅವನ ತಟ್ಟೆಯ ಹಬೆ ಒಂದು ಕಡೆಗೆ ವಾಲುತ್ತಿತ್ತು. "ಬಂದ" ಎನ್ನುತ್ತಿದ್ದಳು ಅಮ್ಮ, ಮೆಲ್ಲಗೆ. ನನ್ನ ಬೆನ್ನು ಜುಮ್ಮೆನ್ನುತ್ತಿತ್ತು. ಮರುಗಳಿಗೆಗೆ ಸಿಟ್ಟು ನೆತ್ತಿಗೇರುತ್ತಿತ್ತು.

"ಬಂದ್ರೆ ಉಂಬುಕೆ ಹೇಳ್, ನಾನ್ ಅಂಗಡಿಗೆ ಹೋಯ್ಕ್" ಎಂದು ನಾನು ತಟ್ಟೆ ಕುಕ್ಕಿ ಏಳುತ್ತಿದ್ದೆ.

ಅವಳು ಎರಡು ತುತ್ತು ತಿಂದ ಶಾಸ್ತ್ರ ಮಾಡಿ ಕೈ ತೊಳೆಯುತ್ತಿದ್ದಳು. ತಮ್ಮನ ತಟ್ಟೆಯ ಮೀನು ಬೆಕ್ಕಿಗೆ, ಅನ್ನವೆಲ್ಲ ಪಕ್ಕದ ಮನೆಯ ದನಕ್ಕೆ. ಆ ದನ ನಮ್ಮ ಕಣ್ಣೆದುರೇ ದುಂಡಗಾಯಿತು, ಅಮ್ಮ ಒಣಗಿದಳು.

ನಾನು ಕುಂದಾಪುರದ ಹಳೆ ಬಸ್ ನಿಲ್ದಾಣದ ಹತ್ತಿರ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಗಂಡನ ಮನೆ ಬಿಟ್ಟು ಬಂದ ಮೇಲೆ ಅನ್ನ ಹಾಕಿದ್ದು ಆ ಮಿಷಿನ್ನು. ಯಾರನ್ನು ಕಂಡರೂ ನನ್ನ ಕಣ್ಣು ಮೊದಲು ಭುಜ ಅಳೆಯುತ್ತದೆ, ಆಮೇಲೆ ಮುಖ ನೋಡುತ್ತದೆ. ಅಮ್ಮನ ರವಿಕೆಗಳನ್ನು ನಾನು ಮತ್ತೆ ಮತ್ತೆ ಒಳಗೆ ಹಿಡಿಯುತ್ತಾ ಬಂದಿದ್ದೆ. ಕೊನೆಗೆ ಹಿಡಿಯಲು ಬಟ್ಟೆ ಜಾಸ್ತಿಯಾಗಿ ಹೊಲಿಗೆ ಒಳಗೊಳಗೇ ಗಂಟು ಕಟ್ಟತೊಡಗಿತು. ಹೊಸದನ್ನೇ ಕತ್ತರಿಸೋಣವೆಂದು ಟೇಪು ಸುತ್ತಿದೆ. ಬಂದ ಅಳತೆ ನೋಡಿ ಮತ್ತೊಮ್ಮೆ ಸುತ್ತಿದೆ. ಅದು ಹೈಸ್ಕೂಲು ಹುಡುಗಿಯ ಅಳತೆ. ಹೀಗೇ ಬಿಟ್ಟರೆ ಈ ತಟ್ಟೆಯ ಮುಂದೆ ಕಾಯುತ್ತಾ ಕಾಯುತ್ತಾ ಅಮ್ಮನೂ ಹೋಗಿಬಿಡುತ್ತಾಳೆ ಎಂದು ಅವತ್ತು ನನಗೆ ಖಾತ್ರಿಯಾಯಿತು.

ತಮ್ಮ ಗಂಗೊಳ್ಳಿಯಿಂದ ಮೀನು, ಮಂಜುಗಡ್ಡೆ ಸಾಗಿಸುವ ಟೆಂಪೋ ಓಡಿಸುತ್ತಿದ್ದ. ಮಾತು ಕಡಿಮೆ. ಒಂದು ಮಧ್ಯಾಹ್ನ ಊಟ ಮುಗಿಸಿ, ಮರವಂತೆ ಕಡೆ ಹೋಗಿ ಬರುತ್ತೇನೆಂದು ಹೊರಟವನ ಚಪ್ಪಲಿ ಮಾತ್ರ ಸಿಕ್ಕಿತು. ಸಮುದ್ರ ಕೊರೆಯದಂತೆ ಹೆದ್ದಾರಿಯ ಬದಿಗೆ ಸುರಿದ ಕಲ್ಲುಗಳಿವೆಯಲ್ಲ, ಅವುಗಳಲ್ಲಿ ಒಂದರ ಮೇಲೆ ಜೋಡಿಸಿಟ್ಟ ಹಾಗೆ ಇತ್ತಂತೆ. ಆ ಜಾಗವೇ ಅಂಥದ್ದು. ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ನದಿ, ನಡುವೆ ರಸ್ತೆ. ರಸ್ತೆಯಲ್ಲಿ ಮುಂಬೈಗೆ ಹೋಗುವ ಲಾರಿಗಳ ಸಾಲು. ಚಪ್ಪಲಿಯ ತುದಿ ಯಾವ ಕಡೆಗಿತ್ತು, ಸಮುದ್ರದ ಕಡೆಗೋ ರಸ್ತೆಯ ಕಡೆಗೋ, ಹೇಳುವವರಿಲ್ಲ. ಯಾರೋ ಪುಣ್ಯಾತ್ಮ ಕಂಡವನೇ ಎತ್ತಿ ತಂದು ಚಹಾ ಅಂಗಡಿಯ ಬೆಂಚಿನ ಕೆಳಗೆ ಇಟ್ಟಿದ್ದ. ನಾವು ಹೋಗುವಷ್ಟರಲ್ಲಿ ಎಲ್ಲರೂ ಒಂದೊಂದು ದಿಕ್ಕು ತೋರಿಸಿದರು.

ಸಮುದ್ರಕ್ಕೆ ಹೋದ ಎಂದಿತು ಊರು. ನಾನೂ ಹಾಗೇ ನಂಬಿದವಳು. ಅಮ್ಮ ಒಪ್ಪಲಿಲ್ಲ. ಲಾರಿ ಹತ್ತಿ ಮುಂಬೈಗೆ ಹೋಗಿದ್ದಾನೆ ಎಂದಳು. ಈ ಕಡೆಯ ಅರ್ಧ ಜನ ಹಾಗೆಯೇ ಹೋಗಿ ಹೋಟೆಲು ಕೆಲಸ ಹಿಡಿದವರು, ಹಾಗಾಗಿ ಅವಳ ಮಾತನ್ನು ಸಾರಾಸಗಟು ತಳ್ಳಿಹಾಕುವಂತೆಯೂ ಇರಲಿಲ್ಲ. ಬರಿಗಾಲಲ್ಲಿ ಹೋದನೇ ಎಂದರೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು. ಆ ಚಪ್ಪಲಿಯನ್ನು ಮರಳಿನ ಸಮೇತ ತಂದವಳು ಪೆಟ್ಟಿಗೆಯಲ್ಲಿ ಇಟ್ಟಳು, ಒರೆಸಲೂ ಬಿಡಲಿಲ್ಲ. ಚಪ್ಪಲಿ ಇದ್ದ ಕಲ್ಲನ್ನು ಮುಂದಿನ ಮಳೆಗಾಲದಲ್ಲಿ ಸಮುದ್ರ ನುಂಗಿತು.

ತೀರಿಕೊಂಡವರಿಗೆ ವರ್ಷಕ್ಕೊಮ್ಮೆ ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಕೋಣೆಯ ಬಾಗಿಲು ಎಳೆದು, ಮನೆಯವರೆಲ್ಲ ಹೊರಗೆ ನಿಲ್ಲುತ್ತೇವೆ. ಒಳಗೆ ಅವರು ಉಣ್ಣುತ್ತಾರೆ. ಆ ಹೊತ್ತಿನಲ್ಲಿ ಸಣ್ಣ ಮಕ್ಕಳೂ ಉಸಿರೆತ್ತುವುದಿಲ್ಲ. ಆಮೇಲೆ ಮನೆಯ ಹಿರಿಯರು ಒಂದು ಸಲ ಕೆಮ್ಮಿ ಬಾಗಿಲು ತೆಗೆಯುತ್ತಾರೆ. ಉಣ್ಣುತ್ತಿದ್ದವರಿಗೆ ಮುಜುಗರವಾಗದೆ ಎದ್ದು ಹೋಗಲು ಸೂಚನೆ ಅದು. ಬಳಿಕ ಆ ಎಲೆಯ ಊಟವನ್ನು ಮನೆಯವರೇ ಉಣ್ಣಬೇಕು. ಮೊದಲು ಅಪ್ಪ ಕೆಮ್ಮುತ್ತಿದ್ದರು. ಅಪ್ಪ ಹೋದ ಮೇಲೆ ಅಪ್ಪನಿಗೆ ಅಮ್ಮ ಕೆಮ್ಮುತ್ತಾಳೆ. ಚಿಕ್ಕಂದಿನಿಂದ ನನಗೆ ಕತ್ತಲೆಗಿಂತ, ಹಾವಿಗಿಂತ ಹೆಚ್ಚು ಹೆದರಿಕೆ ಆ ಕೆಮ್ಮಿನದು.

ತಮ್ಮನಿಗೂ ಒಂದು ಎಲೆ ಹಾಕೋಣ ಎಂದು ನಾನು ಪ್ರತಿ ವರ್ಷ ಬಾಯಿ ಬಿಟ್ಟೆ, ಪ್ರತಿ ವರ್ಷ ಬೈಸಿಕೊಂಡೆ.

"ಬದ್ಕಿದ್ದವ್ನಿಗೆ ಎಡಿ ಇಡೂಕೆ ನಿನ್ ತಲಿ ಕೆಟ್ಟಿತಾ?" ಎನ್ನುತ್ತಿದ್ದಳು. "ಅವ್ನ್ ಊಟ ಅವ ಬಂದ್ ಉಂಬುದ್. ನಾವ್ ಉಂಡ್ರೆ ಅವ ಮತ್ತ್ ಬಪ್ಪುದಿಲ್ಲ."

ಹೀಗಿರುವಾಗ ನನ್ನ ಅಂಗಡಿಗೆ ಒಬ್ಬಳು ಪಂಜಾಬಿ ಹೆಂಗಸು ಬಂದಳು. ನಾವುಂದ ದಾಟಿ ಬೈಂದೂರಿನ ಕಡೆಗೆ ಹೋಗುವಾಗ ಹೆದ್ದಾರಿಯ ಬದಿಗೆ ಅವರ ಢಾಬಾ ಇದೆ. ಅದರ ಹಿಂದೆ ಲಾರಿಗಳು ನಿಲ್ಲುವ ಅಂಗಳ, ಅಂಗಳದಾಚೆ ಅವರದ್ದೇ ಒಂದು ಗುರುದ್ವಾರ. ಗುರುದ್ವಾರ ಅಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಶೀಟಿನ ಮಾಡಿನ ಒಂದು ಹಜಾರ, ಎರಡು ಕೋಣೆ, ಕೇಸರಿ ಬಟ್ಟೆ ಸುತ್ತಿದ ಎತ್ತರದ ಕಂಬ. ಆ ಹೆಂಗಸು ಮದುವೆಯಾಗಿ ಇಲ್ಲಿಗೆ ಬಂದು ಅವಳ ಮಕ್ಕಳೇ ದೊಡ್ಡವರಾಗಿದ್ದಾರೆ. ಕುಂದಾಪ್ರ ಕನ್ನಡವನ್ನು ನನಗಿಂತ ಜೋರಾಗಿ ಆಡುತ್ತಾಳೆ. ನಡುನಡುವೆ ಅವಳ ಭಾಷೆಯ ಒಂದು ಗುಡುಗು ಇರುತ್ತದೆ ಅಷ್ಟೆ.

"ಹ್ವಾಯ್, ಒಂದ್ ಹೊದಿಕಿ ಹೊಲ್ದ್ ಕೊಡ್ಕ್ ಮಾರಾಯ್ತಿ" ಎಂದು ಚಿನ್ನದ ಬಣ್ಣದ ರೇಶಿಮೆಯನ್ನು ಮೇಜಿನ ಮೇಲೆ ಹಾಸಿದಳು.

"ಯಾರಿಗೆ?"

"ಗುರುವಿಗೆ."

"ಎಷ್ಟ್ ಉದ್ದ ಇದ್ರ್ ಅವ್ರ್?" ಎಂದು ಟೇಪು ತೆಗೆದೆ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವರ ಗುರು ಒಂದು ಗ್ರಂಥ. ಗ್ರಂಥವೆಂದರೆ ಅವರಿಗೆ ಪುಸ್ತಕವಲ್ಲ, ಮನೆಯಲ್ಲಿರುವ ಹಿರಿಯರು. ಬೆಳಿಗ್ಗೆ ಎಬ್ಬಿಸಿ ತಲೆಯ ಮೇಲಿಟ್ಟು ಹಜಾರಕ್ಕೆ ಕರೆತರುತ್ತಾರೆ, ರಾತ್ರಿ ಮತ್ತೆ ಕೋಣೆಗೆ ಕರೆದೊಯ್ದು ಮಲಗಿಸುತ್ತಾರೆ. ಚಳಿಗೆ ದಪ್ಪದ್ದು, ಸೆಕೆಗೆ ತೆಳ್ಳಗಿನದು, ಹೊದಿಕೆ ಬೇರೆ ಬೇರೆ. ನಾನು ತಲೆಯಾಡಿಸಿ ಜರಿಯ ಅಂಚು ಕೂರಿಸಿ ಕೊಟ್ಟೆ. ಮನೆಯಲ್ಲಿ ಇದನ್ನು ತಮಾಷೆಯಾಗಿ ಹೇಳಿದರೆ ಅಮ್ಮ ನಗಲಿಲ್ಲ.

"ಅಲ್ಲಿಗೆ ಲಾರಿಯವ್ರ್ ಬತ್ರಾ?" ಎಂದು ಕೇಳಿದಳು.

"ಬಪ್ಪುದೇ ಲಾರಿಯವ್ರ್. ಎಲ್ಲರ್ಗೂ ಊಟ ಹಾಕ್ತ್ರ್, ದುಡ್ಡ್ ತಕಂಬುದಿಲ್ಲ."

ಮುಂದಿನ ಹೊದಿಕೆ ಕೊಡಲು ಹೊರಟ ದಿನ ಅಮ್ಮ ಸೀರೆ ಬದಲಿಸಿ, ತನ್ನ ವಯರ್ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕೊಲ್ಲೂರಿಗೆ ಹೋಗಲಿ, ಕೋಟೇಶ್ವರಕ್ಕೆ ಹೋಗಲಿ, ಬ್ರಹ್ಮಾವರದ ಡಾಕ್ಟರ ಹತ್ತಿರ ಹೋಗಲಿ, ಆ ಚೀಲ ಅವಳ ಮಡಿಲಲ್ಲೇ. ನನ್ನ ಕೈಗೆ ಕೊಟ್ಟವಳಲ್ಲ. ಬಸ್ಸಿನಲ್ಲಿ ಚಾಲಕನ ಹಿಂದೆ ಬಲಗಡೆಯ ಕಿಟಕಿಯೇ ಬೇಕು. ಎದುರಿನಿಂದ ಬರುವ ಲಾರಿಗಳ ಒಳಗೆ ಕೂತವರ ಮುಖ ಅಲ್ಲಿಂದ ಕಾಣುತ್ತದೆ. ಮರವಂತೆ ಬಂದಾಗ ಎಡಗಡೆಯ ಪ್ರಯಾಣಿಕರೆಲ್ಲ ಸಮುದ್ರಕ್ಕೆ ಮೊಬೈಲು ಹಿಡಿದರು. ಅಮ್ಮ ಸೆರಗನ್ನು ಆ ಕಡೆಯ ಕೆನ್ನೆಗೆ ಎಳೆದುಕೊಂಡು ಲಾರಿಗಳನ್ನೇ ನೋಡುತ್ತಿದ್ದಳು. ನನ್ನ ಸಿಟ್ಟು ಅಷ್ಟು ಹೊತ್ತಿಗೆ ದುಃಖವಾಗಿತ್ತು. ಕಂಡಕ್ಟರ್ ಬಂದಾಗ ದುಡ್ಡು ಚಾಚಿ ಎರಡು ಬೆರಳು ತೋರಿಸಿದೆ.

ಗುರುದ್ವಾರದ ಅಂಗಳದಲ್ಲಿ ಲಾರಿಗಳಿದ್ದವು, ಜನ ಕಾಣಲಿಲ್ಲ. ನಡು ಮಧ್ಯಾಹ್ನ. ಬಿಸಿಲಿಗೆ ಶೀಟು ಟಕ್ ಟಕ್ ಎನ್ನುತ್ತಿತ್ತು. ಒಳಗಿನಿಂದ ಒಂದು ಗಂಡಸಿನ ದನಿ ಬರುತ್ತಿತ್ತು, ಓದುವ ದನಿ. ಏರಲಿಲ್ಲ, ಇಳಿಯಲಿಲ್ಲ, ಉಸಿರು ತೆಗೆದುಕೊಳ್ಳಲಿಕ್ಕೂ ನಿಂತಂತೆ ಕೇಳಲಿಲ್ಲ. ನಿನ್ನೆಯಿಂದ ಹೀಗೇ ನಡೆಯುತ್ತಿದೆ ಎಂದಳು ಪಂಜಾಬಿ ಹೆಂಗಸು, ನಮ್ಮನ್ನು ಕರೆಯಲು ಹೊರಗೆ ಬಂದು. ಮೊದಲಿನಿಂದ ಕೊನೆಯವರೆಗೆ ಎಲ್ಲೂ ನಿಲ್ಲಿಸದೆ ಓದಬೇಕಂತೆ. ಒಬ್ಬ ದಣಿದರೆ ಇನ್ನೊಬ್ಬ ಪಕ್ಕದಲ್ಲಿ ಕೂತು ಅದೇ ಸಾಲಿಗೆ ದನಿ ಸೇರಿಸುತ್ತಾನೆ, ಮೊದಲನೆಯವನು ಮೆಲ್ಲಗೆ ಜಾರಿಕೊಳ್ಳುತ್ತಾನೆ. ಹಗಲೂ ರಾತ್ರಿ ದನಿ ಮಾತ್ರ ಒಂದೇ. ದೂರದಲ್ಲಿ ಸಮುದ್ರದ್ದು ಅದೇ ಕಥೆ. ಎರಡೂ ಸೇರಿ ನನ್ನ ಕಿವಿಯಲ್ಲಿ ಗುಂಯ್ ಎನ್ನತೊಡಗಿತು.

ತಲೆಗೆ ಸೆರಗು ಹೊದೆಯಬೇಕು, ಚಪ್ಪಲಿ ಹೊರಗೆ ಬಿಡಬೇಕು, ಕೈಕಾಲು ತೊಳೆಯಬೇಕು. ನಾನು ಮುಂದೆ ಹೋಗಿ ನಲ್ಲಿ ತಿರುಗಿಸಿದೆ. ಅಮ್ಮ ಚಪ್ಪಲಿ ಬಿಡುವಲ್ಲಿ ಬಗ್ಗಿಕೊಂಡು ಏನೋ ಮಾಡುತ್ತಾ ತಡಮಾಡಿದಳು. ಮಂಡಿ ನೋವು ಎಂದುಕೊಂಡೆ. ಅಲ್ಲಿ ಒಬ್ಬ ಮುದುಕ ಸರ್ದಾರ, ಈ ಹೆಂಗಸಿನ ಮಾವ, ಬಿಟ್ಟ ಚಪ್ಪಲಿಗಳನ್ನು ಕೈಯಲ್ಲಿ ಸವರುತ್ತಾ ಗೋಣಿಯ ಮೇಲೆ ಕೂತಿದ್ದ. ಕನ್ನಡಕದ ಗಾಜು ಬಾಟಲಿಯ ತಳದಷ್ಟು ದಪ್ಪ. ಅವನು ನಮ್ಮ ಕಡೆಗೆ ಕೈ ಜೋಡಿಸಿದ. ಜೋಡಿಸಿದ ಕೈ ನನ್ನ ಕಡೆಗೊಮ್ಮೆ, ಅಮ್ಮನ ಕಡೆಗೊಮ್ಮೆ, ಅಮ್ಮನ ಪಕ್ಕದ ಖಾಲಿ ಜಾಗದ ಕಡೆಗೊಮ್ಮೆ ತಿರುಗಿತು. ಕಣ್ಣು ಹೋಗಿದೆ ಪಾಪ, ಎಂದುಕೊಂಡೆ.

ಹಜಾರದಲ್ಲಿ ಬಟ್ಟೆಯ ಚಪ್ಪರದ ಕೆಳಗೆ ಗ್ರಂಥ ತೆರೆದಿತ್ತು. ಅದರ ಹಿಂದೆ ಕೂತವನು ಓದುತ್ತಿದ್ದ. ಇನ್ನೊಬ್ಬ ಗ್ರಂಥದ ಮೇಲೆ ಬಿಳಿ ಚಾಮರ ಬೀಸುತ್ತಿದ್ದ, ಮಲಗಿದ ಮಗುವಿಗೆ ನೊಣ ಓಡಿಸುವ ಹಾಗೆ. ನಾವು ಬಗ್ಗಿ ನಮಸ್ಕರಿಸಿದೆವು. ಪ್ರಸಾದವೆಂದು ಕೊಟ್ಟ, ತುಪ್ಪ ಸುರಿಯುವ ಬಿಸಿ ಹಲ್ವವನ್ನು ಎರಡೂ ಕೈಯಲ್ಲಿ ಹಿಡಿದು ತಿಂದೆವು. ಅಮ್ಮನ ಕಣ್ಣು ಮಾತ್ರ ಪಕ್ಕದ ಕೋಣೆಯ ಮೇಲಿತ್ತು. ಬಾಗಿಲು ತೆರೆದಿತ್ತು. ಒಳಗೆ ಒಂದು ಸಣ್ಣ ಮಂಚ, ಶುಭ್ರವಾದ ಹಾಸಿಗೆ, ದಿಂಬುಗಳು, ಕಾಲ ಬಳಿ ಮಡಿಚಿಟ್ಟ ನಾನೇ ಹೊಲಿದ ಹೊದಿಕೆ. ಯಾರೂ ಇಲ್ಲದ ಮಂಚದ ಮೇಲೆ ಫ್ಯಾನು ತಿರುಗುತ್ತಿತ್ತು. ದಿಂಬಿನ ಅಂಚು ಗಾಳಿಗೆ ಏಳುತ್ತಿತ್ತು, ಕೂರುತ್ತಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತೇ ಬಿಟ್ಟಳು.

"ಇಲ್ಲ್ ಮಲ್ಗುದಾ ಅವ್ರ್?"

"ಹೌದ್ ಅಮ್ಮ. ಓದ್ ಮುಗ್ದ್ ಮೇಲೆ, ರಾತ್ರಿಗೆ."

"ಕಾಂಬುದಿಲ್ಲ ಅಂದ್ಕಂಡ್ ಹಾಸ್ಗಿ ಹಾಕ್ದೆ ಬಿಡೂಕೆ ಆತ್ತಾ ಅಲ್ದಾ?" ಎಂದಳು ಅಮ್ಮ. ಪಂಜಾಬಿ ಹೆಂಗಸು ಏನೋ ಅರ್ಥವಾದವಳಂತೆ ಅಮ್ಮನ ಬೆನ್ನ ಮೇಲೆ ಕೈಯಿಟ್ಟಳು. ಅಷ್ಟು ವರ್ಷಗಳಲ್ಲಿ ಅಮ್ಮನ ಮುಖ ಅಷ್ಟು ನಿರಾಳವಾಗಿದ್ದನ್ನು ನಾನು ನೋಡಿರಲಿಲ್ಲ. ನನಗೆ ಅದೇ ಹೆದರಿಕೆಯಾಯಿತು. ಇಲ್ಲಿಗೆ ಕರೆತಂದು ತಪ್ಪು ಮಾಡಿದೆ, ಮನೆಯ ಹುಚ್ಚಿಗೆ ಇಲ್ಲಿಂದ ಬಲ ಸಿಕ್ಕಿತು ಎನ್ನಿಸಿತು.

ಊಟಕ್ಕೆ ಹಿಂದಿನ ಕೋಣೆಗೆ ಹೋದೆವು. ನೆಲಕ್ಕೆ ಉದ್ದುದ್ದ ಗೋಣಿಪಟ್ಟೆ ಹಾಸಿತ್ತು. ಅಲ್ಲಿ ಇವರಿಗೆ ಅವರಿಗೆ ಎಂದು ಬೇರೆ ಜಾಗವಿಲ್ಲ. ಬಂದ ಹಾಗೆ ಸಾಲಾಗಿ ಕೂರಬೇಕು. ಮಣ್ಣು ಮೆತ್ತಿದ ಪ್ಯಾಂಟಿನ ಲಾರಿ ಚಾಲಕರು, ಕ್ಲೀನರುಗಳು, ನಾನು, ಕೊನೆಯಲ್ಲಿ ಅಮ್ಮ. ಅಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿ ಮುಗಿಸಿದಳು. ಅವರಲ್ಲಿ ಅವನಿರಲಿಲ್ಲ. ಹಾಗಂತ ಅವಳಿಗೆ ಬೇಜಾರಾದಂತೆಯೂ ಕಾಣಲಿಲ್ಲ.

ಬಡಿಸಲು ಬಂದವನು ಅದೇ ಮುದುಕ. ಸೊಸೆ ತಟ್ಟೆ ಇಡುತ್ತಾ ಬಂದಳು, ಅವನು ಹೇಳಿ ಹೇಳಿ ಇಡಿಸುತ್ತಿದ್ದ. ನನ್ನ ಮುಂದೆ ಒಂದು, ಅಮ್ಮನ ಮುಂದೆ ಒಂದು. ಮುದುಕ ಅವರ ಭಾಷೆಯಲ್ಲಿ ಏನೋ ಅಂದ. ಸೊಸೆ ಒಂದು ಗಳಿಗೆ ತಡೆದು, ಅಮ್ಮನ ಆಚೆ ಯಾರೂ ಇಲ್ಲದಲ್ಲಿ ಇನ್ನೊಂದು ತಟ್ಟೆ ಇಟ್ಟಳು. ಬೇಳೆ ಬಂತು, ಪಲ್ಯ ಬಂತು, ಮೂರಕ್ಕೂ ಬಿತ್ತು.

ನಮ್ಮ ಮನೆಯ ಮೂರನೆಯ ತಟ್ಟೆಯ ವಿಷಯ ನಾನು ಹೊರಗೆ ಯಾರಿಗೂ ಹೇಳಿದವಳಲ್ಲ. ನಾಚಿಕೆ. ಹುಚ್ಚಮ್ಮನ ಮಗಳು ಅನ್ನಿಸಿಕೊಳ್ಳುವುದು ಯಾರಿಗೆ ಬೇಕು?

ಅವರಲ್ಲಿ ರೊಟ್ಟಿಯನ್ನು ತಟ್ಟೆಗೆ ಹಾಕುವುದಿಲ್ಲ, ಎರಡೂ ಕೈ ಒಡ್ಡಿ ಪಡೆಯಬೇಕು. ಮುದುಕ ನನ್ನ ಕೈಗೆ ಹಾಕಿದ, ಅಮ್ಮನ ಕೈಗೆ ಹಾಕಿದ. ಆಮೇಲೆ ಮೂರನೆಯ ತಟ್ಟೆಯ ಮುಂದೆ ಬಗ್ಗಿ, ರೊಟ್ಟಿ ಹಿಡಿದು ನಿಂತ. ಕೈಗಳು ಬರಲಿ ಎಂದು ಕಾಯುತ್ತಿದ್ದ. ಅವನ ಹಣೆ ನನ್ನ ಕಣ್ಣಿನ ನೇರಕ್ಕಿತ್ತು. ಮುಂಡಾಸಿನ ಕೆಳಗೆ ಬೆವರಿನಲ್ಲಿ ಏನೋ ಸಣ್ಣಗೆ ಮಿನುಗುತ್ತಿತ್ತು, ಮರಳಿನ ಕಾಳಿನಂಥದ್ದು. ಒಳಗೆ ಓದುವ ದನಿ ಹಾಗೇ ನಡೆದಿತ್ತು. ನನ್ನ ಪಕ್ಕದ ಚಾಲಕನೂ ಜಗಿಯುವುದನ್ನು ನಿಲ್ಲಿಸಿ ಆ ಖಾಲಿ ಜಾಗ ನೋಡಿದ.

ಅಮ್ಮ ತನ್ನ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ಮತ್ತೆ ಎರಡೂ ಕೈ ಒಡ್ಡಿದಳು. "ಇದ್ ಅವ್ನ್ ಪಾಲಿಂದ್" ಎಂದಳು. ಪಡೆದದ್ದನ್ನು ಪಕ್ಕದ ತಟ್ಟೆಯಲ್ಲಿ ಇಟ್ಟು ನನ್ನ ಕಡೆ ತಿರುಗಿದಳು. "ಕಂಡ್ಯಾ? ಅವ್ನಿಗೂ ಬಡ್ಸಿರ್."

ನಾನು ತಿಂದೆನೋ ನುಂಗಿದೆನೋ ನೆನಪಿಲ್ಲ. ಸಾಲಿನವರೆಲ್ಲ ಉಂಡು ಮುಗಿಸಿದರು. ಅಮ್ಮ ತನ್ನದನ್ನು ಮುಟ್ಟದೆ, ಮನೆಯಲ್ಲಿ ಮಾಡುವಂತೆಯೇ, ಹೆದ್ದಾರಿಯ ಕಡೆಯ ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ಮುಂದಿನ ಸಾಲಿಗೆ ಕೂರಬೇಕಾದವರು ಬಾಗಿಲಲ್ಲಿ ಬಂದು ನಿಂತರು. ಒಂದು ಸಾಲು ಪೂರ್ತಿ ಏಳದೆ ಇನ್ನೊಂದನ್ನು ಕೂರಿಸುವ ಪದ್ಧತಿ ಅವರಲ್ಲಿ ಇಲ್ಲ. ತಟ್ಟೆಯಲ್ಲಿ ಊಟ ಬಿಟ್ಟು ಏಳುವುದೂ ಇಲ್ಲ.

ಪಂಜಾಬಿ ಹೆಂಗಸು ಅಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಅಮ್ಮ, ನಿಮ್ಮೊಟ್ಟಿಗೆ ಬಂದವ್ರ್ ಎಲ್ಲಿ? ಉಂಬುಕೆ ಕರೀನಿ. ಇಲ್ಲ್ ಬಡ್ಸಿದ್ನ್ ಬಿಡೂಕಾತಿಲ್ಲ."

"ಬತ್ತ" ಎಂದಳು ಅಮ್ಮ.

ಸೊಸೆ ಅದನ್ನು ಮಾವನಿಗೆ ಹೇಳಿದಳು. ಈಗ ಇವರು ಗದರುತ್ತಾರೆ, ಅಮ್ಮನ ಮರ್ಯಾದೆ ಹೋಗುತ್ತದೆ ಎಂದು ನಾನು ಏಳಲು ಹೊರಟೆ. ಮುದುಕ ತಲೆಯಾಡಿಸಿದ. ರೊಟ್ಟಿಯ ಬುಟ್ಟಿಯನ್ನು ಕೆಳಗಿಟ್ಟು, ಆ ತಟ್ಟೆಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ. ಬರುತ್ತಾನೆಂದರೆ ಕಾಯೋಣ, ಎಂದನಂತೆ. ನನ್ನ ಪಕ್ಕದ ಚಾಲಕನೂ ಏಳಲಿಲ್ಲ. ಬಾಗಿಲಲ್ಲಿ ನಿಂತವರು ಮೆಲ್ಲಗೆ ಗೋಡೆಗೆ ಒರಗಿದರು. ಯಾರೂ ಗೊಣಗಲಿಲ್ಲ, ಯಾರೂ ಗಂಟೆ ನೋಡಲಿಲ್ಲ. ಗೊತ್ತಿಲ್ಲದ ಊರುಗಳ ಅಷ್ಟೂ ಗಂಡಸರು ನನ್ನ ತಮ್ಮನಿಗಾಗಿ ಕಾದರು.

ಇಷ್ಟು ವರ್ಷ ಅಮ್ಮ ಒಬ್ಬಳೇ ಕಾದದ್ದು. ನಾನು ಜೊತೆಗಿದ್ದರೂ ಕಾದವಳಲ್ಲ, ಬೈದವಳು. ಅವತ್ತು ಎಲ್ಲರೂ ಕಾಯುತ್ತಿರುವಾಗ ನಾನೂ ಬಾಗಿಲ ಕಡೆ ನೋಡಿದೆ. ಹೆದ್ದಾರಿಯಲ್ಲಿ ಲಾರಿಯೊಂದು ವೇಗ ಕಡಿಮೆ ಮಾಡಿದ ಸದ್ದು ಕೇಳಿತು. ಬಾಗಿಲಲ್ಲಿದ್ದವರು ತಿರುಗಿದರು. ಬಂದೇ ಬಿಟ್ಟ ಎಂದು ಆ ಒಂದು ಗಳಿಗೆ ನಾನೂ ನಂಬಿದೆ, ಸುಳ್ಳೇಕೆ ಹೇಳಲಿ. ಲಾರಿ ಮತ್ತೆ ಗೇರು ಬದಲಿಸಿ ಬೈಂದೂರಿನ ಕಡೆ ಹೋಯಿತು. ಪಕ್ಕದ ತಟ್ಟೆಯ ಬೇಳೆ ಆರಿ ಕೆನೆ ಕಟ್ಟುತ್ತಿತ್ತು.

ಅಮ್ಮ ಬಾಗಿಲಿನಿಂದ ಮುಖ ತಿರುಗಿಸಿದಳು. ಕಾಯುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು, ಕೊನೆಗೆ ಮುದುಕನನ್ನು. ಆಮೇಲೆ ತಲೆಯ ಸೆರಗನ್ನು ಪೂರ್ತಿ ಕೆಳಗೆ ಎಳೆದು ಮುಖ ಮುಚ್ಚಿಕೊಂಡಳು. ಅಳುತ್ತಾಳೆ ಎಂದುಕೊಂಡೆ. ಅಳು ಕೇಳಲಿಲ್ಲ, ಉಸಿರೂ ಕೇಳಲಿಲ್ಲ. ಸೆರಗು ಅಲುಗಲೇ ಇಲ್ಲ. ಎಷ್ಟು ಹೊತ್ತು ಹಾಗಿದ್ದಳೋ. ಪಕ್ಕದ ತಟ್ಟೆಯ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಅಲ್ಲಿ ಯಾರೋ ಉಣ್ಣುತ್ತಿದ್ದಾರೆ ಎಂದು ನನ್ನ ಮೈಯ ಒಂದೊಂದು ರೋಮವೂ ಹೇಳುತ್ತಿತ್ತು.

ಸೆರಗಿನ ಒಳಗಿನಿಂದ ಅಮ್ಮ ಒಂದು ಸಲ ಕೆಮ್ಮಿದಳು.

ಅಲ್ಲಿದ್ದವರಿಗೆ ಅದು ಬರಿ ಕೆಮ್ಮು. ಗಂಟಲು ಕಟ್ಟಿತೆಂದು ಯಾರೋ ನೀರಿನ ಲೋಟ ಮುಂದೆ ತಳ್ಳಿದರು. ನನಗೊಬ್ಬಳಿಗೇ ಅದು ಏನೆಂದು ಗೊತ್ತಿದ್ದದ್ದು. ನಾನು ಬಾಯಿಗೆ ಕೈ ಅಡ್ಡ ಹಿಡಿದೆ.

ಅವಳು ಸೆರಗು ಸರಿಸಿ, ಪಕ್ಕದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆರಿದ ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ ತಿಂದಳು. ರೊಟ್ಟಿ ನುಂಗುವುದು ಅನ್ನ ಉಣ್ಣುವ ನಮಗೆ ಸುಲಭವಲ್ಲ, ಅದೂ ಹಲ್ಲು ಸಡಿಲಾದವಳಿಗೆ. ಆದರೂ ಒಂದು ಚೂರು ಬಿಡಲಿಲ್ಲ. ಅವನದು ಮುಗಿಸಿ ತನ್ನ ತಟ್ಟೆ ಎಳೆದು ಅದನ್ನೂ ಉಂಡಳು. ಅವಳು ಹೊಟ್ಟೆ ತುಂಬ ಉಂಡದ್ದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಮುದುಕ ಬುಟ್ಟಿಯನ್ನು ಇನ್ನೊಬ್ಬನ ಕೈಗೆ ಕೊಟ್ಟ. ಸಾಲು ಎದ್ದಿತು, ಬಾಗಿಲಲ್ಲಿದ್ದವರು ಒಳಗೆ ಬಂದರು.

ಹೊರಗೆ ಚಪ್ಪಲಿ ಹಾಕಿಕೊಳ್ಳಲು ಬಂದಾಗ ನಾನು ನಿಂತಲ್ಲೇ ನಿಂತೆ. ಅಮ್ಮನ ಚಪ್ಪಲಿಯ ಪಕ್ಕದಲ್ಲಿ ತಮ್ಮನ ಚಪ್ಪಲಿ ಇತ್ತು. ಅದೇ ಕಂದು ಪಟ್ಟಿ, ಎಡಗಾಲಿನದಕ್ಕೆ ನಾನೇ ಹಾಕಿಕೊಟ್ಟಿದ್ದ ಹೊಲಿಗೆ. ಪೆಟ್ಟಿಗೆಯಲ್ಲಿದೆ ಎಂದು ನಾನು ತಿಳಿದದ್ದು ಇಷ್ಟು ವರ್ಷ ವಯರ್ ಚೀಲದಲ್ಲಿ ಅಮ್ಮನ ಜೊತೆ ಕೊಲ್ಲೂರಿಗೆ, ಕೋಟೇಶ್ವರಕ್ಕೆ, ಬ್ರಹ್ಮಾವರಕ್ಕೆ ತಿರುಗಾಡಿತ್ತು. ಹೋದಲ್ಲೆಲ್ಲ ತನ್ನದರ ಪಕ್ಕ ಅದನ್ನೂ ಬಿಡುತ್ತಿದ್ದಳೇನೋ.

"ಮಾವ ಹೇಳಿದ್ರ್, ಅಮ್ಮನೊಟ್ಟಿಗೆ ಒಬ್ರ್ ಗಂಡ್ಸ್ ಬಂದಿದ್ರ್, ಅವ್ರ್ಗೂ ತಟ್ಟಿ ಇಡ್ ಅಂದೇಳಿ" ಎಂದಳು ಪಂಜಾಬಿ ಹೆಂಗಸು, ದನಿ ತಗ್ಗಿಸಿ. "ಅವ್ರಿಗೆ ಮುಖ ಸಮಾ ಕಾಂಬುದಿಲ್ಲ. ಚಪ್ಪಲಿ ಕೈಯಲ್ಲ್ ಮುಟ್ಟಿ ಗೊತ್ತ್ ಮಾಡ್ಕಂಬುದ್."

ಚಪ್ಪಲಿ ಕಾಯುವುದು, ಒರೆಸಿ ಜೋಡಿಸುವುದು ಅವರಲ್ಲಿ ದೊಡ್ಡ ಸೇವೆ. ಮುದುಕ ಬಂದವರ ಚಪ್ಪಲಿಗಳನ್ನೆಲ್ಲ ಒರೆಸಿ ಇಟ್ಟಿದ್ದ. ನನ್ನದನ್ನು, ಅಮ್ಮನದನ್ನು, ತಮ್ಮನದನ್ನೂ. ಅಷ್ಟರಲ್ಲಿ ಅಮ್ಮ ಆ ಜೋಡಿಯನ್ನು ಎತ್ತಿಕೊಂಡಿದ್ದಳು. ಬೆರಳಿಂದ ಒಳಗೆಲ್ಲ ಸವರಿದಳು. ತಿರುಗಿಸಿ ನೋಡಿದಳು. ಹೊಸದರಂತೆ ಹೊಳೆಯುತ್ತಿತ್ತು. ಆ ಕಲ್ಲು ಹೋಗಿತ್ತು, ಟೆಂಪೋ ಮಾರಿ ಹೋಗಿತ್ತು, ಅವನು ಕೊನೆಗೆ ತುಳಿದ ಮರಳು ಮಾತ್ರ ಅವಳ ಹತ್ತಿರ ಉಳಿದಿತ್ತು. ಈಗ ಅದೂ ಇರಲಿಲ್ಲ.

"ಮರ್ಳ್ ಇತ್ತಲ, ಎಲ್ಲ್ ಹೋಯ್ತ್?" ಎಂದಳು.

ಸೊಸೆ ಮಾವನನ್ನು ಕೇಳಿದಳು. ಊಟ ಬಡಿಸಿ ಬಂದು ಮತ್ತೆ ಗೋಣಿಯ ಮೇಲೆ ಕೂತಿದ್ದ ಮುದುಕನಿಗೆ ಇದರಲ್ಲಿ ಕೇಳುವಂಥದ್ದು ಏನಿದೆ ಎಂದೇ ತಿಳಿಯಲಿಲ್ಲ. ಬೆರಳೆತ್ತಿ ತನ್ನ ಹಣೆ ತೋರಿಸಿದ. ಇಲ್ಲಿಗೆ ನಡೆದು ಬಂದವರ ಕಾಲಿನ ಧೂಳನ್ನು ಅವರು ಚೆಲ್ಲುವುದಿಲ್ಲ, ಹಣೆಗೆ ಹಚ್ಚಿಕೊಳ್ಳುತ್ತಾರೆ. ಅಷ್ಟು ದೊಡ್ಡವರೆಂದು ಲೆಕ್ಕ, ಬಂದವರು ಯಾರೇ ಆಗಲಿ.

ಅಮ್ಮ ಅವನ ಹತ್ತಿರ ಹೋದಳು. ಸುಕ್ಕುಗಳ ನಡುವೆ, ಬಿಳಿ ಹುಬ್ಬಿನ ಮೇಲೆ, ಮರವಂತೆಯ ಮರಳು ಬೆವರಿಗೆ ಅಂಟಿ ಕೂತಿತ್ತು. ಅವಳ ಕೈ ಮೇಲೆದ್ದಿತು. ಒಂದು ಕಾಳನ್ನಾದರೂ ತೆಗೆದುಕೊಳ್ಳುತ್ತಾಳೆ ಎಂದುಕೊಂಡೆ. ಹಣೆಯ ಹತ್ತಿರದವರೆಗೆ ಹೋದ ಕೈ ಅಲ್ಲೇ ನಿಂತಿತು. ಮುದುಕ ಏನೂ ತಿಳಿಯದೆ ತಲೆ ಬಗ್ಗಿಸಿ ಕೊಟ್ಟ.

"ಇರ್ಲಿ" ಎಂದಳು ಅಮ್ಮ. "ಅಲ್ಲೇ ಇರ್ಲಿ."

ಚಪ್ಪಲಿಯನ್ನು ಚೀಲದೊಳಗೆ ಹಾಕಿ, ಚೀಲವನ್ನು ನನ್ನ ಕೈಗೆ ಕೊಟ್ಟಳು.

ವಾಪಸು ಬರುವ ಬಸ್ಸಿನಲ್ಲೂ ಬಲಗಡೆಯ ಕಿಟಕಿಗೇ ಕೂತಳು. ಕುಂದಾಪುರಕ್ಕೆ ಬರುವಾಗ ಲಾರಿಗಳೂ ಅದೇ ಕಡೆ, ಅವುಗಳ ಆಚೆಗೆ ಸಮುದ್ರವೂ ಅದೇ ಕಡೆ. ಮರವಂತೆ ಹತ್ತಿರವಾದಂತೆ ನಾನು ಅವಳ ಸೆರಗನ್ನೇ ನೋಡುತ್ತಿದ್ದೆ. ಸೆರಗು ಮೇಲೇರಲಿಲ್ಲ. ಲಾರಿಯೊಂದು ಎದುರಿನಿಂದ ಬಂದು ಅಡ್ಡವಾಯಿತು. ಅಮ್ಮ ಅದರೊಳಗೆ ಕೂತವನ ಮುಖ ನೋಡಲಿಲ್ಲ. ಕುತ್ತಿಗೆ ವಾಲಿಸಿ, ಲಾರಿ ದಾಟುವುದನ್ನೇ ಕಾದು, ಅದರ ಹಿಂದಿನ ನೀರನ್ನು ನೋಡಿದಳು. ಇನ್ನೊಂದು ಬಂತು, ಮತ್ತೆ ವಾಲಿಸಿದಳು.

ತ್ರಾಸಿ ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ಅವ್ನಿಗೆ ಬಂಗ್ಡಿ ಗಸಿ ಅಂದ್ರೆ ಜೀವ" ಎಂದಳು. "ಎಡಿಗೆ ಅದ್ನೇ ಮಾಡ್ವ."